ಮಗಳ ಸೀರಮ್‌ನಲ್ಲಿ ಸಿಲಿಕೋನ್ ಇದೆಯೇ? ಇರಲಿ ಬಿಡಿ

ಅಡುಗೆಮನೆಗೆ ಹೋಗಿ ಸೂರ್ಯಕಾಂತಿ ಎಣ್ಣೆಯ ಪ್ಯಾಕೆಟ್ಟಿನ ಹಿಂಬದಿ ನೋಡಿ. ಬಹಳಷ್ಟು ಕಂಪನಿಗಳ ಪ್ಯಾಕೆಟ್ಟಿನಲ್ಲಿ, ಕಣ್ಣು ಕಿರಿದು ಮಾಡಿಕೊಂಡು ಓದಬೇಕಾದಷ್ಟು ಸಣ್ಣ ಅಕ್ಷರದಲ್ಲಿ, ‘ಆಂಟಿಫೋಮಿಂಗ್ ಏಜೆಂಟ್ 900ಎ’ ಎಂದಿರುತ್ತದೆ. ಪೂರಿ ಕರಿಯುವಾಗ ಎಣ್ಣೆ ನೊರೆಯುಕ್ಕಿ ಬಾಣಲೆಯಿಂದ ಚೆಲ್ಲದಿರಲೆಂದು ಅತ್ಯಲ್ಪ ಪ್ರಮಾಣದಲ್ಲಿ ಸೇರಿಸುವ ವಸ್ತು ಅದು. ಕಿಲೋ ಎಣ್ಣೆಗೆ 10 ಮಿಲಿಗ್ರಾಂ ಮೀರುವಂತಿಲ್ಲ. ರಾಸಾಯನಿಕ ಹೆಸರು ಪಾಲಿಡೈಮೀಥೈಲ್‌ಸಿಲಾಕ್ಸೇನ್, ಸಿಲಿಕೋನುಗಳಲ್ಲೊಂದು. ಇದೇ ವಸ್ತು ಕ್ರೀಮು, ಶಾಂಪೂ, ಸನ್‌ಸ್ಕ್ರೀನ್‌ಗಳ ಮೇಲೆ ‘ಡೈಮೆಥಿಕೋನ್’ ಎಂಬ ಹೆಸರಿನಲ್ಲಿರುತ್ತದೆ. ಹಸುಗೂಸಿನ ಹೊಟ್ಟೆಯುಬ್ಬರಕ್ಕೆಂದು ಮೆಡಿಕಲ್ ಸ್ಟೋರಿನಿಂದ ತರುವ ಹನಿಯಲ್ಲಿ, ಸ್ವಲ್ಪ ಸಿಲಿಕಾ ಬೆರೆಸಿಕೊಂಡು ‘ಸಿಮೆಥಿಕೋನ್’ ಆಗಿರುತ್ತದೆ. ಮಗುವಿನ ಕರುಳು ಅದನ್ನು ಹೀರಿಕೊಳ್ಳುವುದಿಲ್ಲ. ಹೋದ ಹಾಗೇ ಮಲದಲ್ಲಿ ಹೊರಬರುತ್ತದೆ.

ಇಷ್ಟು ವರ್ಷ ಬಾಯಿಯ ಮೂಲಕ ಒಳಗೆ ಹೋದದ್ದನ್ನು ಯಾರೂ ಕೇಳಲಿಲ್ಲ. ಮಗಳ ಮುಖಕ್ಕೆ ಬಂದದ್ದೇ ತಡ, ಮನೆಯಲ್ಲಿ ಗಲಾಟೆ. “ಮೇಡಂ, ಇದರಲ್ಲಿ ಸಿಲಿಕೋನ್ ಇದೆಯಂತೆ, ಚರ್ಮಕ್ಕೆ ಉಸಿರಾಡೋಕೇ ಆಗಲ್ವಂತೆ. ಇವಳಿಗೆ ಹೇಳಿದ್ರೆ ಕೇಳಲ್ಲ,” ಎಂದು ತಾಯಿ ಬಾಟಲಿ ಮುಂದಿಡುತ್ತಾರೆ. ಕೆಲವು ಮನೆಗಳಲ್ಲಿ ಇದು ಉಲ್ಟಾ: ಮನೆಗೆಲ್ಲ ತಂದ ಶಾಂಪೂವನ್ನು ಮಗಳೇ “ಸಿಲಿಕೋನ್ ಇದೆ” ಎಂದು ಪಕ್ಕಕ್ಕಿಟ್ಟು, ದುಪ್ಪಟ್ಟು ಬೆಲೆಯ ‘ಸಿಲಿಕೋನ್ ಫ್ರೀ’ ಬಾಟಲಿಗೆ ಹಟ ಹಿಡಿದಿರುತ್ತಾಳೆ. ಅಪ್ಪನಿಗೆ ತಲೆಬುಡ ತಿಳಿಯುವುದಿಲ್ಲ, ಬಿಲ್ಲು ಮಾತ್ರ ತಿಳಿಯುತ್ತದೆ.

ಎರಡೂ ಮನೆಯವರಿಗೆ ನಾನು ಹೇಳುವುದು ಒಂದೇ. ಸಿಲಿಕೋನ್ ಚರ್ಮಕ್ಕೆ ಮಾಡುವುದು ಬಹಳ ಕಡಿಮೆ. ಕೆಡುಕೂ ಕಡಿಮೆ, ಉಪಕಾರವೂ ಕಡಿಮೆ. ಮೇಲೆ ಕೂತು ಜಾರಿಕೆ ಕೊಡುತ್ತದೆ, ತೊಳೆದರೆ ಹೋಗುತ್ತದೆ. ನಿಮ್ಮ ಆತಂಕಕ್ಕೆ ಯೋಗ್ಯವಾದ ವಸ್ತುಗಳು ಅದೇ ಕಪಾಟಿನಲ್ಲಿ ಬೇರೆ ಇವೆ. ಅವುಗಳ ವಿಷಯಕ್ಕೆ ಆಮೇಲೆ ಬರುತ್ತೇನೆ.

ಹುಟ್ಟಿನ ಕಥೆ ಚಿಕ್ಕದು. ಮರಳಿನಲ್ಲಿರುವ ಸಿಲಿಕಾನ್ ಎಂಬ ಮೂಲವಸ್ತುವನ್ನು ಬೇರ್ಪಡಿಸಿ, ಆಮ್ಲಜನಕದ ಜೊತೆ ಒಂದು ಬಿಟ್ಟು ಒಂದರಂತೆ ಪೋಣಿಸಿ, ಇಕ್ಕೆಲದಲ್ಲೂ ಮೀಥೈಲ್ ಗುಂಪುಗಳನ್ನು ಜೋಡಿಸಿದರೆ ಸಿಲಿಕೋನ್. ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನಲ್ಲಿ ಫ್ರೆಡರಿಕ್ ಕಿಪ್ಪಿಂಗ್ ಎಂಬ ರಸಾಯನ ವಿಜ್ಞಾನಿ ಇಪ್ಪತ್ತನೇ ಶತಮಾನದ ಆರಂಭದಿಂದ ಈ ಅಂಟಂಟು ದ್ರವಗಳ ಹಿಂದೆ ಬಿದ್ದಿದ್ದರು. 1937ರಲ್ಲೂ ಅವರಿಗೆ ಈ ದಾರಿಯಲ್ಲಿ ದೊಡ್ಡದೇನೂ ಆಗುವ ಭರವಸೆ ಇರಲಿಲ್ಲ. 1940ರ ದಶಕದಲ್ಲಿ ಎರಡನೇ ಮಹಾಯುದ್ಧದ ವಿಮಾನಗಳ ಇಗ್ನಿಷನ್ನಿಗೆ ತೇವ ತಾಗದಂತೆ ಮುಚ್ಚಲು ಇದು ಬೇಕಾಯಿತು. 1943ರಲ್ಲಿ ಅಮೆರಿಕದಲ್ಲಿ ಡೌ ಕಾರ್ನಿಂಗ್ ಕಂಪನಿ ಹುಟ್ಟಿತು. 1950ರ ದಶಕಕ್ಕೆ ಕೈಗೆ ಹಚ್ಚುವ ಲೋಶನ್ನಿಗೂ ಬಂತು. ಅಂದರೆ ಇದು ನಿನ್ನೆ ಮೊನ್ನೆಯ ಸರಕಲ್ಲ. ಎಪ್ಪತ್ತು ವರ್ಷಗಳಿಂದ ಜನರ ಮೈಮೇಲೆ ಇದೆ.

ಇದರ ಗುಣ ತಿಳಿಯಲು ಪ್ರಯೋಗಾಲಯ ಬೇಡ. ಮಗಳ ಹೇರ್ ಸೀರಮ್ಮಿನ ಎರಡು ಹನಿ ಬಲಗೈ ಹೆಬ್ಬೆರಳು, ತೋರುಬೆರಳ ನಡುವೆ ತೆಗೆದುಕೊಂಡು ಉಜ್ಜಿ. ಎಡಗೈ ಬೆರಳುಗಳ ನಡುವೆ ಕೊಬ್ಬರಿ ಎಣ್ಣೆ. ಎಣ್ಣೆ ಜಿಡ್ಡಾಗಿ ಒಂದೆಡೆ ನಿಲ್ಲುತ್ತದೆ. ಸೀರಮ್ಮು ಗಾಜಿನ ಮೇಲೆ ಬೆರಳು ಜಾರಿದಂತೆ ಸರಿದುಹೋಗುತ್ತದೆ, ಕೊಂಚ ಹೊತ್ತಿಗೆ ಅರ್ಧ ಆರಿಯೂ ಹೋಗಿರುತ್ತದೆ. ಬೆರಳು ರೇಷ್ಮೆಯ ನುಣುಪು. ಸಿಲಿಕೋನಿನ ಉದ್ದನೆಯ ಸರಪಳಿ ಬಹಳ ಸುಲಭವಾಗಿ ಬಾಗುತ್ತದೆ, ಅಕ್ಕಪಕ್ಕದ ಸರಪಳಿಗಳು ಒಂದನ್ನೊಂದು ಬಿಗಿಯಾಗಿ ಹಿಡಿದುಕೊಳ್ಳುವುದಿಲ್ಲ. ಹಾಗಾಗಿ ಚೂರೇ ಚೂರು ಹಾಕಿದರೂ ತೆಳ್ಳಗೆ, ಸಮನಾಗಿ ಹರಡುತ್ತದೆ. ಸನ್‌ಸ್ಕ್ರೀನ್ ತಯಾರಿಸುವವರು ಇದನ್ನು ಬಿಡಲೊಲ್ಲದಿರುವುದು ಈ ಕಾರಣಕ್ಕೇ. ಜಿಂಕ್ ಆಕ್ಸೈಡ್ ಪುಡಿ ಮುಖದ ಮೇಲೆ ಗೆರೆಗೆರೆಯಾಗಿ ಬೆಳ್ಳಗೆ ಕಾಣದೆ ಒಂದೇ ಸಮ ಹರಡಿಕೊಂಡರೆ ಮಕ್ಕಳು ಅದನ್ನು ಹಚ್ಚಿಕೊಳ್ಳುತ್ತಾರೆ. ಹಚ್ಚಿಕೊಳ್ಳದ ಸನ್‌ಸ್ಕ್ರೀನ್ ಎಷ್ಟೇ ಶುದ್ಧವಾಗಿದ್ದರೂ ಉಪಯೋಗವಿಲ್ಲ.

ಇನ್ನು ‘ಚರ್ಮ ಉಸಿರುಗಟ್ಟುತ್ತದೆ’ ಎಂಬ ಮಾತು. ಚರ್ಮಕ್ಕೆ ಬೇಕಾದ ಆಮ್ಲಜನಕದ ಬಹುಪಾಲು ರಕ್ತದ ಮೂಲಕವೇ ಬರುತ್ತದೆ. ರಂಧ್ರಗಳಿರುವುದು ಬೆವರು ಮತ್ತು ಜಿಡ್ಡು ಹೊರಹಾಕಲು. ಹೋಗಲಿ, ಗಾಳಿಯ ಮಾತನ್ನೇ ಹಿಡಿಯೋಣವೆಂದರೂ, ಸಿಲಿಕೋನ್ ಆಮ್ಲಜನಕವನ್ನು ತಡೆಯುವ ವಸ್ತುವಲ್ಲ. ಇವತ್ತು ಕಾಲೇಜು ಮಕ್ಕಳು ಹಾಕಿಕೊಳ್ಳುವ ಎಷ್ಟೋ ಕಾಂಟ್ಯಾಕ್ಟ್ ಲೆನ್ಸುಗಳನ್ನು ಸಿಲಿಕೋನ್ ಹೈಡ್ರೋಜೆಲ್‌ನಿಂದ ಮಾಡುತ್ತಾರೆ, ಕಣ್ಣಿನ ಕಾರ್ನಿಯಾಕ್ಕೆ ಆಮ್ಲಜನಕ ಧಾರಾಳವಾಗಿ ದಾಟಲಿ ಎಂಬ ಒಂದೇ ಉದ್ದೇಶದಿಂದ. ಚರ್ಮದ ಮೇಲಿನ ಡೈಮೆಥಿಕೋನ್ ಪದರವೂ ಸೊಳ್ಳೆಪರದೆಯ ಹಾಗೆ: ನೀರಿನ ಆವಿಯನ್ನು ಕೊಂಚ ತಡೆಯುತ್ತದೆ, ಪೂರ್ತಿ ಮುಚ್ಚುವುದಿಲ್ಲ. ಚಳಿಗಾಲದಲ್ಲಿ ನಾವೆಲ್ಲ ತುಟಿಗೆ, ಹಿಮ್ಮಡಿಗೆ ಹಚ್ಚುವ ಪೆಟ್ರೋಲಿಯಂ ಜೆಲ್ಲಿ ಅದಕ್ಕಿಂತ ಎಷ್ಟೋ ಪಟ್ಟು ಬಿಗಿಯಾಗಿ ಮುಚ್ಚುತ್ತದೆ. ಜೆಲ್ಲಿಯ ಬಗ್ಗೆ ಯಾರೂ ಉಸಿರಿನ ಪ್ರಶ್ನೆ ಎತ್ತಿದ್ದನ್ನು ನಾನು ಕೇಳಿಲ್ಲ.

ಮೊಡವೆಯ ಆಪಾದನೆಯೂ ಹೀಗೇ. ಹರೆಯದಲ್ಲಿ ಹಾರ್ಮೋನು ಏರಿ ಜಿಡ್ಡಿನ ಗ್ರಂಥಿಗಳು ದೊಡ್ಡದಾಗುತ್ತವೆ, ರೋಮಕೂಪದ ಬಾಯಲ್ಲಿ ಸತ್ತ ಕೋಶಗಳು ಕಟ್ಟಿಕೊಳ್ಳುತ್ತವೆ, ಒಳಗಿನ ಬ್ಯಾಕ್ಟೀರಿಯಾಕ್ಕೆ ಸುಗ್ಗಿಯಾಗುತ್ತದೆ. ಡೈಮೆಥಿಕೋನಿನ ಅಣುಗಳು ದೊಡ್ಡವು, ಚರ್ಮದೊಳಕ್ಕೆ ಇಳಿಯುವುದಿಲ್ಲ. ಬ್ಯಾಕ್ಟೀರಿಯಾಕ್ಕಾಗಲಿ, ಹೊಟ್ಟಿಗೆ ಕಾರಣವಾಗುವ ಶಿಲೀಂಧ್ರಕ್ಕಾಗಲಿ ಅದು ಆಹಾರವೂ ಅಲ್ಲ. ಚರ್ಮತಜ್ಞರು ಮೊಡವೆಯಿರುವ ಮಕ್ಕಳಿಗೆ ಬರೆದುಕೊಡುವ ಹಗುರ ಮಾಯಿಶ್ಚರೈಸರುಗಳಲ್ಲೂ ಇದು ಇರುತ್ತದೆ. ಆದರೂ “ಆ ಕ್ರೀಮ್ ಹಚ್ಚಿದ ಮೇಲೇ ಶುರುವಾಯಿತು” ಎಂದು ಮಕ್ಕಳು ಹೇಳುವುದು ಸುಳ್ಳಿರಲಾರದು. ಅದೇ ಕ್ರೀಮಿನಲ್ಲಿ ಕೋಕೋ ಬಟರ್ ಇದ್ದಿರಬಹುದು, ಐಸೋಪ್ರೊಪೈಲ್ ಮಿರಿಸ್ಟೇಟ್ ಇದ್ದಿರಬಹುದು. ಅಥವಾ ಶಾಲೆಯ ವಾರ್ಷಿಕೋತ್ಸವದ ದಿನ ಹಚ್ಚಿದ, 24 ಗಂಟೆ ಅಳಿಯುವುದಿಲ್ಲವೆಂಬ ಫೌಂಡೇಶನ್ನನ್ನು ಬರೀ ನೀರಿನಲ್ಲಿ ತೊಳೆದು ಮಲಗಿರಬಹುದು. ಅಂಥ ಮೇಕಪ್ಪಿನಲ್ಲಿ ಟ್ರೈಮೀಥೈಲ್‌ಸಿಲಾಕ್ಸಿಸಿಲಿಕೇಟ್ ಎಂಬ ಗಟ್ಟಿ ಜಾತಿಯ ಸಿಲಿಕೋನ್ ಇರುತ್ತದೆ. ನೀರಿಗೆ ಅದು ಜಗ್ಗದು. ಮೊದಲು ಕ್ಲೆನ್ಸಿಂಗ್ ಬಾಮ್ ಅಥವಾ ಮೇಕಪ್ ರಿಮೂವರ್, ಆಮೇಲೆ ಸೌಮ್ಯವಾದ ಫೇಸ್‌ವಾಶ್. ದಿನನಿತ್ಯದ ಸನ್‌ಸ್ಕ್ರೀನಿಗೆ ಸಂಜೆಯ ಒಂದು ಫೇಸ್‌ವಾಶ್ ಸಾಮಾನ್ಯವಾಗಿ ಸಾಕು.

ಹಣೆಯ ಮೇಲಷ್ಟೇ ಸಾಲಾಗಿ ಸಣ್ಣ ಸಣ್ಣ ಗುಳ್ಳೆ ಎದ್ದಿದ್ದರೆ ಇನ್ನೊಂದು ಕಡೆ ನೋಡಬೇಕು. ಮಗಳ ಸೀರಮ್ಮನ್ನು ಬೈಯುವ ಅಮ್ಮಂದಿರು, ರಾತ್ರಿ ತಾವೇ ಮಮತೆಯಿಂದ ತಲೆಗೆ ತಟ್ಟಿದ ಎಣ್ಣೆ ದಿಂಬಿಗಿಳಿದು, ದಿಂಬಿನಿಂದ ಹಣೆಗೆ ಬರುವುದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಎಣ್ಣೆ ಹಚ್ಚಬೇಡಿ ಎಂದು ನಾನು ಹೇಳುತ್ತಿಲ್ಲ, ಹೇಳಿದರೆ ಅಜ್ಜಿಯಂದಿರು ಬಿಡುವುದೂ ಇಲ್ಲ. ಭಾನುವಾರ ಬೆಳಿಗ್ಗೆ ಹಚ್ಚಿ, ಒಂದು ಗಂಟೆ ಬಿಟ್ಟು ತಲೆಗೆ ಸ್ನಾನ ಮಾಡಿಸಿದರೆ ಇಬ್ಬರಿಗೂ ಸಮಾಧಾನ.

ಕೂದಲಿನ ವಿಷಯದಲ್ಲಿ ಮಾತ್ರ ಮಕ್ಕಳ ದೂರಿನಲ್ಲಿ ಸತ್ಯಾಂಶವಿದೆ. ಕಂಡೀಷನರಿನ ಅಮೋಡೈಮೆಥಿಕೋನ್ ಎಂಬ ಸಿಲಿಕೋನಿಗೆ ಧನ ವಿದ್ಯುದಂಶ ಇರುತ್ತದೆ. ಬಿಸಿಲಿಗೆ, ಸ್ಟ್ರೇಟ್ನರಿಗೆ, ಬಣ್ಣಕ್ಕೆ ಹಾಳಾದ ಕೂದಲಿನ ಭಾಗಗಳಲ್ಲಿ ಋಣ ವಿದ್ಯುದಂಶ ಹೆಚ್ಚು. ಹೀಗಾಗಿ ಅದು ಬೇಕಾದ ಜಾಗವನ್ನೇ ಹುಡುಕಿಕೊಂಡು ಹೋಗಿ ಅಂಟಿಕೊಳ್ಳುತ್ತದೆ. ಸಿಕ್ಕು ಬಿಡಿಸುವಾಗ ಕೂದಲು ತುಂಡಾಗುವುದು ಕಡಿಮೆಯಾಗುತ್ತದೆ. ಆದರೆ ಸಲ್ಫೇಟ್ ಇಲ್ಲದ ತೀರಾ ಸೌಮ್ಯ ಶಾಂಪೂವನ್ನೇ ಸದಾ ಬಳಸುವವರಲ್ಲಿ, ಅದರಲ್ಲೂ ಗುಂಗುರು ಕೂದಲಿನವರಲ್ಲಿ, ನೀರಿಗೆ ಕರಗದ ಸಿಲಿಕೋನುಗಳು ಪದರದ ಮೇಲೆ ಪದರವಾಗಿ ಕೂತು ಕೂದಲು ಭಾರವಾಗುತ್ತದೆ, ಗುಂಗುರು ಇಳಿಬೀಳುತ್ತದೆ. ಆಗೊಮ್ಮೆ ಈಗೊಮ್ಮೆ ಮಾಮೂಲಿ ಶಾಂಪೂ ಹಾಕಿ ತೊಳೆದರೆ ಆ ಪದರ ಹೋಗುತ್ತದೆ. ಕೂದಲಿಗೆ ಇದರಿಂದ ಶಾಶ್ವತ ಹಾನಿಯಿಲ್ಲ, ಕೂದಲು ಉದುರುವುದಕ್ಕೂ ಇದಕ್ಕೂ ಸಂಬಂಧವಿಲ್ಲ. ಕೂದಲು ಉದುರುತ್ತಿದ್ದರೆ ಶಾಂಪೂ ಬದಲಿಸುವ ಮೊದಲು ಮಗಳ ಹಿಮೋಗ್ಲೋಬಿನ್, ಕಬ್ಬಿಣಾಂಶ, ಥೈರಾಯ್ಡ್ ನೋಡಿಸಿ.

ಇದುವರೆಗೆ ಹೇಳಿದ್ದೆಲ್ಲ ಸೌಂದರ್ಯದ ಮಾತಾಯಿತು. ಸಿಲಿಕೋನ್ ನಿಜವಾಗಿ ಕೆಲಸಕ್ಕೆ ಬರುವ ಜಾಗಗಳು ಬೇರೆ, ಮತ್ತು ಮಕ್ಕಳಿರುವ ಮನೆಗೆ ಅವೇ ಮುಖ್ಯ.

ಮೊದಲನೆಯದು ಡೈಪರ್ ಗುಳ್ಳೆ. ಮೂತ್ರ, ಮಲದ ತೇವ ಚರ್ಮಕ್ಕೆ ತಾಗದಂತೆ ಮಧ್ಯೆ ನಿಲ್ಲುವುದು ಡೈಮೆಥಿಕೋನಿಗೆ ಚೆನ್ನಾಗಿ ಬರುತ್ತದೆ. ಅಮೆರಿಕದ ಎಫ್‌ಡಿಎ ಇದನ್ನು ಶೇ 1ರಿಂದ 30ರವರೆಗಿನ ಪ್ರಮಾಣದಲ್ಲಿ ಚರ್ಮರಕ್ಷಕವೆಂದು, ವೈದ್ಯರ ಚೀಟಿಯಿಲ್ಲದೆ ಮಾರಲು ಒಪ್ಪಿದೆ. ಜಿಂಕ್ ಆಕ್ಸೈಡ್ ಕ್ರೀಮು, ಪೆಟ್ರೋಲಿಯಂ ಜೆಲ್ಲಿ ಕೂಡ ಅದೇ ಕೆಲಸವನ್ನು ಕಡಿಮೆ ಬೆಲೆಗೆ ಮಾಡುತ್ತವೆ. ಸುವಾಸನೆ ಇಲ್ಲದ್ದು ಯಾವುದು ಸಿಕ್ಕರೂ ಸರಿ. ಹೊಟ್ಟೆಯುಬ್ಬರದ ಹನಿಯ ಬಗ್ಗೆ ಅಷ್ಟು ಉತ್ಸಾಹದಿಂದ ಹೇಳಲಾರೆ. ಅಪಾಯವಿಲ್ಲ ನಿಜ, ಆದರೆ ಸಂಜೆಯಾದರೆ ಅಳುವ ಕೂಸಿಗೆ ಬರೀ ಸಿಹಿನೀರಿನ ಹನಿಗಿಂತ ಇದು ಹೆಚ್ಚು ಕೆಲಸ ಮಾಡುತ್ತದೆಂದು ಪರೀಕ್ಷೆಗಳು ತೋರಿಸಿಲ್ಲ.

ಎರಡನೆಯದು ಗಾಯದ ಕಲೆ. ಬಿಸಿ ಸಾರು ಮೈಮೇಲೆ ಚೆಲ್ಲಿಕೊಂಡ ಮಗುವಿಗೆ, ಸುಟ್ಟಗಾಯ ವಾಸಿಯಾದ ಮೇಲೆ ಆ ಜಾಗ ಕೆಂಪಗೆ ಉಬ್ಬಿ ಹಗ್ಗದಂತೆ ಎದ್ದುಕೊಳ್ಳುವುದುಂಟು. 1980ರ ದಶಕದ ಆರಂಭದಿಂದ ಸುಟ್ಟಗಾಯದ ವಾರ್ಡುಗಳಲ್ಲಿ ಇದಕ್ಕೆ ಸಿಲಿಕೋನ್ ಜೆಲ್ ಹಾಳೆ ಬಳಸುತ್ತ ಬಂದಿದ್ದಾರೆ, ಈಗಲೂ ವೈದ್ಯರು ಮೊದಲು ಹೇಳುವ ಉಪಾಯಗಳಲ್ಲಿ ಅದೊಂದು. ಗಾಯ ಪೂರ್ತಿ ಮುಚ್ಚಿಕೊಂಡಿರಬೇಕು, ಹಸಿಗಾಯದ ಮೇಲೆ ಇಡಬಾರದು. ದಿನಕ್ಕೆ 12 ಗಂಟೆಗೆ ಕಡಿಮೆಯಿಲ್ಲದಂತೆ, ತಿಂಗಳುಗಟ್ಟಲೆ ಇಡಬೇಕು. ಬೆಂಗಳೂರಿನ ಹವೆಯಲ್ಲಿ ಪರವಾಗಿಲ್ಲ. ಕಲಬುರಗಿಯ ಏಪ್ರಿಲ್‌ನಲ್ಲಿ ಹಾಳೆಯಡಿ ಬೆವರುಸಾಲೆ ಏಳುತ್ತದೆ, ಆಗ ಹಾಳೆ ತೆಗೆದು ತೊಳೆದು, ಚರ್ಮ ಆರಿದ ಮೇಲೆ ಮತ್ತೆ ಇಡಿ, ಅಥವಾ ಟ್ಯೂಬಿನ ಜೆಲ್‌ಗೆ ಬದಲಿಸಿ. ಎರಡು ವಾರ ಹಚ್ಚಿ ‘ಗುಣ ಕಾಣಲಿಲ್ಲ’ ಎಂದು ಬಿಡುವವರೇ ಹೆಚ್ಚು.

ಮೂರನೆಯದು ಹೇನು. ಶೇ 4ರ ಡೈಮೆಥಿಕೋನ್ ಲೋಶನ್ ಹೇನನ್ನು ವಿಷದಿಂದ ಕೊಲ್ಲುವುದಿಲ್ಲ, ಅದರ ಮೈಯನ್ನು ಆವರಿಸಿ ಉಸಿರ್ನಾಳಗಳನ್ನು ಮುಚ್ಚುತ್ತದೆ. ಕೀಟನಾಶಕಕ್ಕೆ ಒಗ್ಗಿಹೋದ ಹೇನೂ ಇದಕ್ಕೆ ಒಗ್ಗುವುದು ಕಷ್ಟ. 2005ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಇದರ ಪರೀಕ್ಷೆಯ ಫಲಿತಾಂಶ ಬಂದ ಮೇಲೆ ಯುರೋಪಿನಲ್ಲಿ ಬಳಕೆ ಹೆಚ್ಚಿತು. ನಮ್ಮಲ್ಲಿ ಇನ್ನೂ ಪರ್ಮೆತ್ರಿನ್ ಎಂಬ ಕೀಟನಾಶಕವೇ ಮುಂದು. ಡೈಮೆಥಿಕೋನ್ ಲೋಶನ್ ಸಿಕ್ಕಿ ಬಳಸುವುದಾದರೆ ಒಂದು ಎಚ್ಚರ: ಹಚ್ಚಿದ ತಲೆಗೆ ಬೆಂಕಿ ಬೇಗ ತಗಲುತ್ತದೆ. ತೊಳೆಯುವವರೆಗೂ ಮಗು ಒಲೆಯ ಹತ್ತಿರ, ದೇವರ ದೀಪದ ಹತ್ತಿರ ಹೋಗಕೂಡದು.

ಸಿಲಿಕೋನ್ ಎಂದೊಡನೆ ಸ್ತನದ ಇಂಪ್ಲಾಂಟುಗಳ ನೆನಪಾಗಿ ಹೆದರುವವರಿದ್ದಾರೆ. 1992ರಲ್ಲಿ ಎಫ್‌ಡಿಎ ಸಿಲಿಕೋನ್ ಜೆಲ್ ಇಂಪ್ಲಾಂಟುಗಳ ಬಳಕೆಯನ್ನು ಬಹುಮಟ್ಟಿಗೆ ತಡೆಹಿಡಿದಿತ್ತು, 2006ರಲ್ಲಿ ಮತ್ತೆ ಒಪ್ಪಿಗೆ ಕೊಟ್ಟಿತು. ಆ ವಾದವಿವಾದ ದೇಹದೊಳಗೆ ಇಡುವ ವಸ್ತುವಿನದು. ಮುಖಕ್ಕೆ ಹಚ್ಚುವುದಕ್ಕೆ ಅದನ್ನು ಎಳೆದು ತರಬೇಕಿಲ್ಲ. ಆದರೆ ತುಟಿ, ಕೆನ್ನೆ ತುಂಬಿಸಲು ದ್ರವ ಸಿಲಿಕೋನ್ ಚುಚ್ಚಿಸಿಕೊಳ್ಳುವುದು ಮಾತ್ರ ನಿಜಕ್ಕೂ ಅಪಾಯ. ಯಾವ ಬ್ಯೂಟಿ ಪಾರ್ಲರಿನವರು ಎಷ್ಟೇ ಕಡಿಮೆ ದರ ಹೇಳಿದರೂ ಇದು ಬೇಡವೆಂದು ಕಾಲೇಜಿಗೆ ಹೋಗುವ ಮಗಳಿಗೆ ಬಾಯಿಬಿಟ್ಟು ಹೇಳಿ.

ಹಾಗಾದರೆ ಸಿಲಿಕೋನ್ ಬೇಡ ಎನ್ನುವುದರಲ್ಲಿ ಅರ್ಥವೇ ಇಲ್ಲವೇ? ಒಂದು ಕಡೆ ಇದೆ, ಅದು ಚರ್ಮದ ಕಡೆಯಲ್ಲ. ಸಿಲಿಕೋನುಗಳಲ್ಲಿ ಉಂಗುರದಾಕಾರದ ಚಿಕ್ಕ ಅಣುಗಳ ಒಂದು ಬಳಗವಿದೆ: ಡಿ4, ಡಿ5, ಡಿ6. ಬಾಟಲಿಯ ಮೇಲೆ ಸೈಕ್ಲೋಟೆಟ್ರಾಸಿಲಾಕ್ಸೇನ್, ಸೈಕ್ಲೋಪೆಂಟಾಸಿಲಾಕ್ಸೇನ್, ಸೈಕ್ಲೋಹೆಕ್ಸಾಸಿಲಾಕ್ಸೇನ್ ಎಂದಿರುತ್ತದೆ. ಬೆರಳಿನ ಮೇಲೆ ಸೀರಮ್ ‘ಆರಿಹೋದದ್ದು’ ಇವುಗಳ ಕೈಚಳಕ. ಇವು ಆವಿಯಾಗಿ ಗಾಳಿಗೆ ಸೇರುತ್ತವೆ. ತಲೆ ತೊಳೆದಾಗ ನೀರಿಗಿಳಿದರೆ ಬೇಗ ಕೊಳೆಯುವುದಿಲ್ಲ, ಜಲಚರಗಳ ಮೈಯಲ್ಲಿ ಶೇಖರವಾಗುತ್ತವೆ. ಡಿ4 ಸಂತಾನಶಕ್ತಿಗೆ ತೊಂದರೆ ಮಾಡಬಹುದೆಂಬ ಶಂಕೆಯೂ ಇರುವುದರಿಂದ ಯುರೋಪಿನ ಒಕ್ಕೂಟ ಅದನ್ನು ಸೌಂದರ್ಯವರ್ಧಕಗಳಲ್ಲಿ ನಿಷೇಧಿಸಿದೆ. ತೊಳೆದುಹಾಕುವ ಉತ್ಪನ್ನಗಳಲ್ಲಿ ಡಿ4, ಡಿ5 ಶೇ 0.1 ತಲುಪಬಾರದೆಂಬ ನಿಯಮ ಅಲ್ಲಿ 2020ರ ಜನವರಿ 31ರಿಂದ ಜಾರಿಯಲ್ಲಿದೆ. ಹಚ್ಚಿ ಬಿಡುವ ಕ್ರೀಮುಗಳಿಗೂ ಆ ಮಿತಿ 2027ರ ಜೂನ್‌ನಿಂದ ಅನ್ವಯಿಸುತ್ತದೆ. ಮಗಳು ಕೆರೆ ಹೊಳೆಯ ಕಾಳಜಿಯಿಂದ ‘ಸೈಕ್ಲೋ’ ಎಂದು ಶುರುವಾಗುವ ಹೆಸರಿನ ಬಾಟಲಿ ಬೇಡ ಎಂದರೆ ಅವಳ ಮಾತಿನಲ್ಲಿ ಹುರುಳಿದೆ, ವಾದ ಮಾಡಬೇಡಿ. ಡೈಮೆಥಿಕೋನ್ ಈ ಬಳಗಕ್ಕೆ ಸೇರಿದ್ದಲ್ಲ.

ದುಡ್ಡಿನ ಬಗ್ಗೆ ಒಂದು ಮಾತು. ನಮ್ಮ 2020ರ ಕಾಸ್ಮೆಟಿಕ್ಸ್ ನಿಯಮಗಳ ಪ್ರಕಾರ ಶೇ 1ಕ್ಕಿಂತ ಹೆಚ್ಚಿರುವ ವಸ್ತುಗಳನ್ನು ಪ್ರಮಾಣದ ಇಳಿಕೆಯ ಕ್ರಮದಲ್ಲಿ ಬರೆಯಬೇಕು, ಅದಕ್ಕಿಂತ ಕಡಿಮೆಯವನ್ನು ಹೇಗೆ ಬೇಕಾದರೂ ಬರೆಯಬಹುದು. ಪಟ್ಟಿಯಲ್ಲಿ ಫಿನಾಕ್ಸಿಎಥನಾಲ್ ಎಂಬ ಸಂರಕ್ಷಕ ಎಲ್ಲಿದೆ ಹುಡುಕಿ. ಅದನ್ನು ಶೇ 1ಕ್ಕಿಂತ ಹೆಚ್ಚು ಹಾಕುವಂತಿಲ್ಲ. ಆದ್ದರಿಂದ ಅದರ ನಂತರ ಬರುವ ಹೆಸರುಗಳೆಲ್ಲ ಶೇ 1ರ ಒಳಗಿನವು ಎಂದುಕೊಳ್ಳಬಹುದು. ಬಾಟಲಿಯ ಮುಂಭಾಗದಲ್ಲಿ ದೊಡ್ಡದಾಗಿ ಕೇಸರಿಯ ಚಿತ್ರ, ಹಿಂಭಾಗದ ಪಟ್ಟಿಯಲ್ಲಿ ಮೊದಲು ಸಿಲಿಕೋನ್, ಕೇಸರಿ ಫಿನಾಕ್ಸಿಎಥನಾಲ್‌ನ ಆಚೆ — ಅಂದರೆ ನೀವು ನುಣುಪಿಗೆ ಕೇಸರಿಯ ಬೆಲೆ ಕೊಡುತ್ತಿದ್ದೀರಿ. ಹಚ್ಚಿದ ಕೂಡಲೇ ಮುಖ ನಯವಾಗಿ ಕಾಣುವುದು ಸಿಲಿಕೋನಿನಿಂದ, ಸಂಜೆ ತೊಳೆದರೆ ಚರ್ಮ ಬೆಳಿಗ್ಗೆ ಇದ್ದ ಹಾಗೇ ಇರುತ್ತದೆ. ಇದನ್ನು ಮಗಳಿಗೇ ಪತ್ತೆ ಮಾಡಲು ಬಿಡಿ. ಬೈದು ಕಿತ್ತಿಟ್ಟರೆ ಸ್ನೇಹಿತೆಯ ಮನೆಯಲ್ಲಿ ಹಚ್ಚಿಕೊಳ್ಳುತ್ತಾಳೆ.

ಈಗ ಆತಂಕಕ್ಕೆ ಯೋಗ್ಯವಾದವುಗಳ ಕಡೆ ಬರೋಣ. ಹನ್ನೊಂದು ಹನ್ನೆರಡರ ಮಕ್ಕಳು ವಿಡಿಯೊ ನೋಡಿ ರೆಟಿನಾಲ್, ಗ್ಲೈಕಾಲಿಕ್ ಆಸಿಡ್ ಹಚ್ಚಿಕೊಂಡು ಮುಖ ಸುಲಿಸಿಕೊಳ್ಳುತ್ತಿದ್ದಾರೆ. ಸುಕ್ಕಿಲ್ಲದ ಮುಖಕ್ಕೆ ಸುಕ್ಕಿನ ಮದ್ದು. ಅಲರ್ಜಿ ತರುವುದರಲ್ಲಿ ಸಿಲಿಕೋನಿಗಿಂತ ‘ಪರ್ಫಂ’ ಎಂದು ಬರೆದಿರುವ ಸುವಾಸನೆ ಎಷ್ಟೋ ಮುಂದು. ಇನ್ನೂ ಗಂಭೀರವಾದದ್ದು ಬೆಳ್ಳಗಾಗಿಸುವ ಕ್ರೀಮುಗಳು. ಪಕ್ಕದ ಕೇರಳದ ಮಲಪ್ಪುರಂ ಜಿಲ್ಲೆಯಲ್ಲಿ 2023ರಲ್ಲಿ ಕಿಡ್ನಿ ಕಾಯಿಲೆಯೊಂದಿಗೆ ಬಂದ ಹಲವರನ್ನು ವಿಚಾರಿಸಿದಾಗ, ತಯಾರಕರ ವಿಳಾಸವೂ ಸರಿಯಾಗಿಲ್ಲದ ಫೇರ್‌ನೆಸ್ ಕ್ರೀಮುಗಳು, ಅವುಗಳಲ್ಲಿ ಪಾದರಸ, ಬೆಳಕಿಗೆ ಬಂದವು. ಉದ್ದೇಶವಿಲ್ಲದೆ ಸೇರಿದ ಪಾದರಸವೂ ಹತ್ತು ಲಕ್ಷಕ್ಕೆ ಒಂದು ಭಾಗ ಮೀರಬಾರದೆಂಬುದು ನಮ್ಮ ನಿಯಮ. ಲೈಸೆನ್ಸ್ ನಂಬರಿಲ್ಲದ, ಇಂಪೋರ್ಟೆಡ್ ಎಂದಷ್ಟೇ ಹೇಳಿ ಮಾರುವ ಡಬ್ಬಿಗಳನ್ನು ಮನೆಯೊಳಗೆ ಬಿಟ್ಟುಕೊಳ್ಳಬೇಡಿ.

ಮತ್ತೆ ಸ್ಟೀರಾಯ್ಡ್. ಮೆಡಿಕಲ್ ಸ್ಟೋರಿನಲ್ಲಿ ‘ಕಲೆಗೆ ಒಳ್ಳೇದು’ ಎಂದು ಕೊಡುವ ಟ್ಯೂಬುಗಳಲ್ಲಿ ಎಷ್ಟೋ ಸಲ ಇರುವುದು ಅದೇ. 2018ರಲ್ಲಿ ಕೇಂದ್ರ ಸರ್ಕಾರ 14 ಬಗೆಯ ಸ್ಟೀರಾಯ್ಡ್ ಕ್ರೀಮುಗಳನ್ನು ಚೀಟಿಯಿಲ್ಲದೆ ಮಾರಬಾರದ ಔಷಧಿಗಳ ಪಟ್ಟಿಗೆ ಸೇರಿಸಿದರೂ ಕೈಯಿಂದ ಕೈಗೆ ಮಾರಾಟ ನಿಂತಿಲ್ಲ. ಮೊದಲ ವಾರ ಮುಖ ಹೊಳೆಯುತ್ತದೆ. ತಿಂಗಳುಗಳ ನಂತರ ಚರ್ಮ ತೆಳುವಾಗಿ ಕೆಂಪು ನರಗಳು ಕಾಣತೊಡಗುತ್ತವೆ, ಮೊಡವೆ ಮುಖದ ತುಂಬ ಏಳುತ್ತದೆ, ಕೆನ್ನೆಯ ಮೇಲೆ ಕೂದಲು ಬೆಳೆಯುತ್ತದೆ. ಇವತ್ತು ಸಂಜೆ ಮಗಳ, ಮಗನ ಕ್ರೀಮುಗಳ ಹಿಂಬದಿ ಓದುವಾಗ ಡೈಮೆಥಿಕೋನನ್ನು ದಾಟಿ ಮುಂದೆ ಹೋಗಿ, ಬೀಟಾಮೆಥಾಸೋನ್, ಕ್ಲೊಬೆಟಾಸೋಲ್, ಮೊಮೆಟಾಸೋನ್ ಎಂಬ ಮೂರು ಹೆಸರು ಹುಡುಕಿ. ಒಂದು ಕಂಡರೂ, ಎಷ್ಟು ದಿನದಿಂದ ಹಚ್ಚುತ್ತಿದ್ದಾರೆಂದು ಗದರದೆ ಕೇಳಿ ತಿಳಿದುಕೊಳ್ಳಿ. ತಿಂಗಳುಗಟ್ಟಲೆ ಹಚ್ಚಿದ್ದನ್ನು ಏಕಾಏಕಿ ಬಿಟ್ಟರೆ ಮುಖ ಉರಿದು ಕೆಂಪಾಗುತ್ತದೆ, ಆದ್ದರಿಂದ ಟ್ಯೂಬಿನ ಸಮೇತ ಈ ವಾರವೇ ಚರ್ಮವೈದ್ಯರ ಹತ್ತಿರ ಕರೆದುಕೊಂಡು ಹೋಗಿ.